ಹೆಣ್ಣುಮಕ್ಕಳ ಕಾಲು ಪಾಲು: ಮಿತಾಕ್ಷರದಿಂದ ಮೈಸೂರಿನ ಕಾಯಿದೆಯವರೆಗೆ

ಮನೆಯ ಯಜಮಾನನು ಕಾಲವಾದ ಬಳಿಕ ಮನೆ ಯಾರದು, ಹೊಲ ಯಾರದು, ಅಂಗಡಿಯ ಲಾಭ ಯಾರದು, ಅಂಗಡಿಯ ಸಾಲ ಯಾರದು ಎಂಬ ಪ್ರಶ್ನೆಗಳು ಏಳದ ಊರಿಲ್ಲ. ಇವುಗಳಿಗೆ ಉತ್ತರವನ್ನು ವಕೀಲರಲ್ಲಿ ಕೇಳುವುದು ವಾಡಿಕೆ. ಆದರೆ ವಕೀಲರು ಕೊಡುವ ಉತ್ತರದ ಹಿಂದೆ ಒಂದು ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯ ಮುಖ್ಯವಾದ ಎರಡು ಘಟ್ಟಗಳು ಕನ್ನಡ ನಾಡಿನಲ್ಲಿಯೇ ನಡೆದುವೆಂಬುದನ್ನು ನಮ್ಮಲ್ಲಿ ಬಹುಮಂದಿ ಮರೆತಿದ್ದೇವೆ. ಮೊದಲನೆಯದು ಚಾಳುಕ್ಯರ ಕಲ್ಯಾಣದಲ್ಲಿ. ಎರಡನೆಯದು 1933ರಲ್ಲಿ ಮೈಸೂರು ಸಂಸ್ಥಾನದಲ್ಲಿ. ಈ ಎರಡನ್ನೂ ಹೆಣ್ಣುಮಕ್ಕಳ ಪಾಲೆಂಬ ಒಂದೇ ಪ್ರಶ್ನೆಯ ಮೂಲಕ ನೋಡುವುದು ಪ್ರಕೃತ ನಮ್ಮ ಉದ್ದೇಶ.

ಆರನೆಯ ವಿಕ್ರಮಾದಿತ್ಯನು 1076ರಿಂದ ಸುಮಾರು ಐವತ್ತು ವರ್ಷಕಾಲ ಕಲ್ಯಾಣದಿಂದ ರಾಜ್ಯವಾಳಿದನು. ಅದೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆತನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಒಂದು ವ್ಯಾಖ್ಯಾನವನ್ನು ಬರೆದು, ಅದಕ್ಕೆ ಮಿತಾಕ್ಷರವೆಂದು ಹೆಸರಿಟ್ಟನು. ಅಳೆದ ಅಕ್ಷರಗಳಲ್ಲಿ ಹೇಳಿದುದೆಂಬುದು ಆ ಹೆಸರಿನ ಅರ್ಥ. ಬಂಗಾಳವೊಂದನ್ನು ಮುಖ್ಯವಾಗಿ ಬಿಟ್ಟು, ಭಾರತದ ಉಳಿದ ಭಾಗಗಳ ಹಿಂದೂ ಕುಟುಂಬಗಳ ಆಸ್ತಿವಿವಾದಗಳಲ್ಲಿ ಈ ಗ್ರಂಥವೇ ಪ್ರಮಾಣವಾಯಿತು. ಬಂಗಾಳದಲ್ಲಿ ಜೀಮೂತವಾಹನನ ದಾಯಭಾಗವು ಆ ಸ್ಥಾನದಲ್ಲಿ ನಿಂತಿತು.

ವಿಜ್ಞಾನೇಶ್ವರನ ಮುಖ್ಯ ಸಿದ್ಧಾಂತವೆಂದರೆ, ಪಿತ್ರಾರ್ಜಿತವಾದ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು. ತಂದೆಯ ಮರಣದವರೆಗೆ ಆತನು ಕಾಯಬೇಕಾಗಿಲ್ಲ. ದಾಯಭಾಗದ ಮತವಾದರೋ ಇದಕ್ಕೆ ವಿರುದ್ಧವಾದುದು. ಅಲ್ಲಿ ತಂದೆಯು ಬದುಕಿರುವವರೆಗೆ ಆತನೇ ಒಡೆಯ. ಪಿತ್ರಾರ್ಜಿತವಾದ ಮನೆಯನ್ನು ಕೊಳ್ಳುವವರು ತಂದೆಯ ರುಜುವೊಂದರಿಂದಲೇ ತೃಪ್ತರಾಗದೆ ಮಕ್ಕಳ ರುಜುಗಳನ್ನೂ ಕೇಳುವುದು ನಮ್ಮಲ್ಲಿ ಬಹುಕಾಲದಿಂದ ಬಂದ ರೂಢಿ. ಆ ರೂಢಿಯ ಬೇರು ಕಲ್ಯಾಣದ ಈ ಗ್ರಂಥದಲ್ಲಿದೆ. ತಂದೆಯು ಸ್ವಂತ ಸಂಪಾದನೆಯಿಂದ ಕೊಂಡ ಮನೆಗೆ ಈ ನಿರ್ಬಂಧವಿಲ್ಲದಿರುವುದರಿಂದಲೇ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬ ವಾದವು ನ್ಯಾಯಾಲಯಗಳಲ್ಲಿ ಇಷ್ಟು ಬೆಳೆಯಿತು.

ಇನ್ನು ಹೆಣ್ಣುಮಕ್ಕಳ ವಿಷಯ. ತಂದೆಯ ತರುವಾಯ ಅಣ್ಣತಮ್ಮಂದಿರು ಭಾಗವಾಗುವಾಗ ತಾಯಿಗೆ ಮಗನಿಗೆ ಸಮನಾದ ಭಾಗವನ್ನೂ, ಮದುವೆಯಾಗದ ತಂಗಿಗೆ ಕಾಲುಪಾಲನ್ನೂ ಕೊಡಬೇಕೆಂದು ಸ್ಮೃತಿಯು ವಿಧಿಸಿತು. ಈ ಕಾಲುಪಾಲೆಂದರೇನು? ಮದುವೆಯ ಖರ್ಚಿಗೆ ಬೇಕಾದಷ್ಟು ಹಣವೆಂದು ಭಾರುಚಿಯೆಂಬ ಹಿಂದಿನ ವ್ಯಾಖ್ಯಾನಕಾರನ ಮತ. ವಿಜ್ಞಾನೇಶ್ವರನು ಅದನ್ನು ಒಪ್ಪಲಿಲ್ಲ. ಅಸಹಾಯ, ಮೇಧಾತಿಥಿ ಇವರ ಮತವನ್ನೇ ಹಿಡಿದು, ಅದು ನಿಜವಾದ ಭಾಗವೇ, ತಂದೆಯು ಕಾಲವಾದ ಮೇಲೆ ಕನ್ಯೆಯೂ ದಾಯಕ್ಕೆ ಭಾಗಿಯೇ ಎಂದು ನಿರ್ಣಯಿಸಿದನು. ಅಷ್ಟಕ್ಕೇ ನಿಲ್ಲದೆ ಲೆಕ್ಕವನ್ನೂ ತೋರಿಸಿದನು. ಒಬ್ಬ ಮಗನೂ ಒಬ್ಬ ಮಗಳೂ ಇದ್ದರೆ ಸ್ವತ್ತನ್ನು ಎರಡಾಗಿ ಮಾಡಿ, ಅದರಲ್ಲಿ ಒಂದನ್ನು ನಾಲ್ಕಾಗಿ ಮಾಡಿ, ಆ ನಾಲ್ಕರಲ್ಲೊಂದನ್ನು ಮಗಳಿಗೆ ಕೊಡಬೇಕು, ಉಳಿದುದು ಮಗನಿಗೆ. 40 ಎಕರೆ ಭೂಮಿಯಿದ್ದರೆ ಮಗಳಿಗೆ 5 ಎಕರೆ. ಭಾಗವು ಸಣ್ಣದೆಂಬುದು ನಿಜ. ಆದರೆ ಅದು ಅಣ್ಣನ ದಯೆಯಲ್ಲ, ತಂಗಿಯ ಹಕ್ಕು.

ಸ್ತ್ರೀಧನದ ವಿಷಯದಲ್ಲಿಯೂ ಆತನ ದೃಷ್ಟಿ ಉದಾರವಾದುದು. ಮದುವೆಯಲ್ಲಿ ಬಂದ ಉಡುಗೊರೆಯಷ್ಟೇ ಅಲ್ಲದೆ, ದಾಯವಾಗಿ ಬಂದುದು, ಕ್ರಯಕ್ಕೆ ಕೊಂಡುದು, ಭಾಗದಲ್ಲಿ ದೊರೆತುದು ಇವೆಲ್ಲವೂ ಸ್ತ್ರೀಧನವೇ ಎಂದು ಆತನು ಅರ್ಥಮಾಡಿದನು. ಆದರೆ ವಿಧವೆಯ ವಿಷಯದಲ್ಲಿ ಆತನ ಕೈ ಇಷ್ಟು ಸಡಿಲವಾಗಲಿಲ್ಲ. ಮಕ್ಕಳಿಲ್ಲದೆ ಸತ್ತ ಗಂಡನ ಸ್ವತ್ತು ಹೆಂಡತಿಗೆ ಬರುವುದು ಆತನು ದಾಯಾದಿಗಳಿಂದ ವಿಭಕ್ತನಾಗಿದ್ದಾಗ ಮಾತ್ರ. ಅವಿಭಕ್ತ ಕುಟುಂಬದಲ್ಲಿ ಗಂಡನ ಅಂಶವು ಉಳಿದ ದಾಯಾದಿಗಳಿಗೆ ಹೋಗಿ, ಆಕೆಗೆ ಅನ್ನವಸ್ತ್ರವಷ್ಟೇ ಉಳಿಯುತ್ತಿತ್ತು.

ಈ ಶಾಸ್ತ್ರವು ಇಂಗ್ಲಿಷರ ಕೈಗೆ ಬಂದ ಬಗೆಯೂ ವಿಚಾರಾರ್ಹವಾದುದು. 1772ರಲ್ಲಿ ವಾರನ್ ಹೇಸ್ಟಿಂಗ್ಸನು ಹಿಂದೂಗಳ ದಾಯ, ವಿವಾಹ ಮೊದಲಾದ ವಿಷಯಗಳನ್ನು ಶಾಸ್ತ್ರದಂತೆ ತೀರ್ಮಾನಿಸಬೇಕೆಂದು ಏರ್ಪಡಿಸಿದನು. ನ್ಯಾಯಾಧಿಪತಿಗಳಿಗೆ ಶಾಸ್ತ್ರ ಹೇಳಲು ಪಂಡಿತರು ನೇಮಕವಾದರು. ಈ ಏರ್ಪಾಡು 1864ರವರೆಗೆ ನಡೆಯಿತು. ನಡುವೆ 1810ರಲ್ಲಿ ಕೋಲ್‌ಬ್ರೂಕನು ಮಿತಾಕ್ಷರದ ದಾಯವಿಭಾಗವನ್ನು ಇಂಗ್ಲಿಷಿಗೆ ತಂದನು. ಅಲ್ಲಿಂದ ಮುಂದೆ ಗ್ರಂಥವು ಪಂಡಿತರ ಮನೆಯಿಂದ ವಕೀಲರ ಮೇಜಿಗೆ ಬಂದಿತು.

ಆದರೆ ಗ್ರಂಥದಲ್ಲಿದ್ದುದೆಲ್ಲವೂ ತೀರ್ಪಿಗೆ ಬರಲಿಲ್ಲ. ರೂಢಿಯು ಸ್ಪಷ್ಟವಾಗಿ ಸಿದ್ಧವಾದರೆ ಅದು ಶಾಸ್ತ್ರವಚನವನ್ನೂ ಮೀರುತ್ತದೆಂದು 1868ರಲ್ಲಿ ರಾಮನಾಡಿನ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲು ಹೇಳಿತು. ದಕ್ಷಿಣ ದೇಶದಲ್ಲಿ ಭಾಗದ ಕಾಲಕ್ಕೆ ತಾಯಿಗೂ ತಂಗಿಗೂ ಅಂಶ ಕೊಡುವ ಪದ್ಧತಿ ಮರೆಯಾಗಿ ಹೋಗಿತ್ತು. ತಾಯಿಗೆ ಜೀವನಾಂಶ, ತಂಗಿಗೆ ಮದುವೆಯ ಖರ್ಚು ಎಂಬಲ್ಲಿಗೆ ಅದು ಇಳಿದಿತ್ತು. ದಾಯವಾಗಿ ಬಂದುದೂ ಸ್ತ್ರೀಧನವೆಂಬ ವಿಜ್ಞಾನೇಶ್ವರನ ಮಾತನ್ನು ಪ್ರಿವಿ ಕೌನ್ಸಿಲು ಅಂಗೀಕರಿಸಲಿಲ್ಲ. ಗಂಡನಿಂದ ಬಂದ ಸ್ವತ್ತಿನ ವಿಷಯದಲ್ಲಿ 1867ರಲ್ಲಿಯೇ ಈ ತೀರ್ಪಾಗಿತ್ತು. ಇದರ ಫಲವಾಗಿ, ಗಂಡನ ಹೊಲವನ್ನು ಪಡೆದ ವಿಧವೆಯು ಅದನ್ನು ಅನುಭವಿಸಬಹುದಾಗಿತ್ತೇ ಹೊರತು, ಕುಟುಂಬದ ಅವಶ್ಯಕತೆಯನ್ನು ಸಾಬೀತು ಮಾಡದೆ ಮಾರುವಂತಿರಲಿಲ್ಲ. ಆಕೆಯು ತೀರಿಹೋದ ಮೇಲೆ ಅದು ಆಕೆಯ ವಾರಸುದಾರರಿಗಲ್ಲದೆ ಗಂಡನ ವಾರಸುದಾರರಿಗೆ ಹೋಗುತ್ತಿತ್ತು. ಆಕೆ ಮಾಡಿದ ಕ್ರಯವು ಸರಿಯೋ ತಪ್ಪೋ ಎಂದು ಆಕೆಯ ಮರಣಾನಂತರ ದಾಯಾದಿಗಳು ಹೂಡಿದ ದಾವೆಗಳಿಗೆ ಮಿತಿಯಿರಲಿಲ್ಲ. ಶಾಸ್ತ್ರದಲ್ಲಿದ್ದ ಬಿಗಿಯು ಉಳಿದು, ಶಾಸ್ತ್ರದಲ್ಲಿದ್ದ ಔದಾರ್ಯವು ಬಹುಮಟ್ಟಿಗೆ ಅಳಿಯಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಕನ್ನಡ ನಾಡಿನ ಕರಾವಳಿಯಲ್ಲಿ ಇದೇ ಕಾಲಕ್ಕೆ ಬೇರೊಂದು ಕಟ್ಟಳೆಯಿದ್ದಿತೆಂಬುದನ್ನೂ ನೆನೆಯಬೇಕು. ದಕ್ಷಿಣ ಕನ್ನಡದ ಹಲವು ಸಮುದಾಯಗಳಲ್ಲಿ ಅಳಿಯಸಂತಾನದಂತೆ ಸ್ವತ್ತು ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಹೆಣ್ಣಿಗೆ ಆಸ್ತಿಯನ್ನು ಕೊಟ್ಟರೆ ಕುಟುಂಬವೇ ಒಡೆಯುತ್ತದೆಂದು ಘಟ್ಟದ ಮೇಲೆ ವಾದಿಸುತ್ತಿದ್ದವರಿಗೆ ಘಟ್ಟದ ಕೆಳಗೇ ಉತ್ತರವಿತ್ತು.

ಇಂತಹ ಪರಿಸ್ಥಿತಿಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ಲರು ದಿವಾನರಾಗಿದ್ದಾಗ, 1933ನೆಯ ಇಸವಿಯ 10ನೆಯ ಆಕ್ಟಾಗಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ಮೈಸೂರಿನಲ್ಲಿ ಜಾರಿಗೆ ಬಂದಿತು. ಇದರ ಎಂಟನೆಯ ಪ್ರಕರಣವೇ ನಮಗೆ ಮುಖ್ಯ. ಅಣ್ಣತಮ್ಮಂದಿರು ಭಾಗವಾಗುವಾಗ ತಾಯಿಯೂ, ಮದುವೆಯಾಗದ ತಂಗಿಯರೂ, ಗಂಡುಸಂತಾನವಿಲ್ಲದೆ ಸತ್ತ ಅವಿಭಕ್ತ ಸೋದರರ ವಿಧವೆಯರೂ ಅವರ ಮದುವೆಯಾಗದ ಹೆಣ್ಣುಮಕ್ಕಳೂ ಪಾಲಿಗೆ ಹಕ್ಕುದಾರರಾದರು. ವಿಧವೆಗೆ ಗಂಡನು ಬದುಕಿದ್ದರೆ ಬರುತ್ತಿದ್ದ ಅಂಶದ ಅರ್ಧ. ತಾಯಿಗೆ ಮಗನ ಅಂಶದ ಅರ್ಧ. ಮದುವೆಯಾಗದ ಮಗಳಿಗೆ ಅಥವಾ ತಂಗಿಗೆ ಸೋದರನ ಅಂಶದ ಕಾಲುಭಾಗ.

ಲೆಕ್ಕಕ್ಕೆ ಒಂದು ಕುಟುಂಬವನ್ನು ತೆಗೆದುಕೊಳ್ಳೋಣ. 11 ಎಕರೆ ಪಿತ್ರಾರ್ಜಿತ ಭೂಮಿ. ಇಬ್ಬರು ಅಣ್ಣತಮ್ಮಂದಿರು, ತಾಯಿ, ಮದುವೆಯಾಗದ ಒಬ್ಬ ತಂಗಿ. ಹಿಂದಿನ ರೂಢಿಯಂತೆ ಅಣ್ಣತಮ್ಮಂದಿರಿಗೆ ತಲಾ ಐದೂವರೆ ಎಕರೆ, ಹೆಂಗಸರಿಗೆ ಭೂಮಿಯಿಲ್ಲ. ಹೊಸ ಕಾಯಿದೆಯಂತೆ ಅಣ್ಣತಮ್ಮಂದಿರಿಗೆ ತಲಾ 4 ಎಕರೆ, ತಾಯಿಗೆ 2, ತಂಗಿಗೆ 1. ಕಲ್ಯಾಣದಲ್ಲಿ ಬರೆದ ಕಾಲುಪಾಲು ಎಂಟು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಬಳಿಕ ಕನ್ನಡ ನಾಡಿನ ಇನ್ನೊಂದು ರಾಜ್ಯದಲ್ಲಿ ಕಾಯಿದೆಯ ರೂಪದಿಂದ ಹೀಗೆ ತಲೆಯೆತ್ತಿತು. ಲೆಕ್ಕದ ರೀತಿಯಲ್ಲಿ ಅದು ಮಿತಾಕ್ಷರಕ್ಕಿಂತ ಸ್ವಲ್ಪ ಉದಾರವೂ ಆಗಿತ್ತು. ಒಬ್ಬ ಮಗ, ಒಬ್ಬ ಮಗಳು, 40 ಎಕರೆ ಎಂಬ ಹಿಂದಿನ ಉದಾಹರಣೆಯಲ್ಲಿ ಈ ಕಾಯಿದೆಯಂತೆ ಮಗಳಿಗೆ 8 ಎಕರೆ ಬರುತ್ತದೆ.

ಸ್ತ್ರೀಧನದ ಎಲ್ಲೆಯನ್ನೂ ಕಾಯಿದೆಯು ವಿಸ್ತರಿಸಿತು. ಗಂಡನಿಂದ ದಾಯವಾಗಿ ಬಂದ ಸ್ವತ್ತು, ಆತನ ಮಗಳಾಗಲಿ ಮಗಳ ಮಗನಾಗಲಿ ಆಗ ಬದುಕಿಲ್ಲದಿದ್ದರೆ, ಆಕೆಯ ಪೂರ್ಣ ಸ್ವತ್ತಾಗುತ್ತಿತ್ತು. ಬ್ರಿಟಿಷ್ ಭಾರತದಲ್ಲಿ ವಿಧವೆಯ ಹಕ್ಕಿನ ಕಾಯಿದೆಯಾದುದು ನಾಲ್ಕು ವರ್ಷಗಳ ತರುವಾಯ, 1937ರಲ್ಲಿ. ಅದು ವಿಧವೆಗೆ ಮಗನಿಗೆ ಸಮನಾದ ಅಂಶವನ್ನು ಕೊಟ್ಟರೂ ಜೀವಾವಧಿಗೆ ಮಾತ್ರ ಕೊಟ್ಟಿತು. ಮಗಳಿಗೆ ಏನನ್ನೂ ಕೊಡಲಿಲ್ಲ.

ಮೈಸೂರಿನ ಕಾಯಿದೆಯಲ್ಲಿಯೂ ಕೊರತೆಗಳಿದ್ದುವು. ಮಗಳ ಕಾಲುಪಾಲಿನಲ್ಲಿಯೇ ಆಕೆಯ ಮದುವೆಯ ನ್ಯಾಯವಾದ ಖರ್ಚೂ ಸೇರಿತೆಂದು ಅದು ಹೇಳಿತು; ವಿಜ್ಞಾನೇಶ್ವರನು ನಿರಾಕರಿಸಿದ ಮತವು ಹೀಗೆ ಹಿಂಬಾಗಿಲಿನಿಂದ ಒಳಗೆ ಬಂದಿತು. ಮದುವೆಯಾದ ಮಗಳಿಗೆ ಈ ಭಾಗದಲ್ಲಿ ಹಕ್ಕೇ ಇರಲಿಲ್ಲ. ಆದುದರಿಂದ ಭಾಗಕ್ಕಿಂತ ಮೊದಲೇ ಮದುವೆ ಮುಗಿದರೆ ಕಾಲುಪಾಲಿನ ಪ್ರಶ್ನೆಯೇ ಏಳುತ್ತಿರಲಿಲ್ಲ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆಯು ಸ್ತ್ರೀಯರ ಮಿತವಾದ ಹಕ್ಕನ್ನು ಪೂರ್ಣ ಹಕ್ಕಾಗಿ ಮಾಡಿತು. ಆದರೆ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಕರ್ನಾಟಕವು 1994ರ ಜುಲೈ 30ರಿಂದ, ಅಂದಿಗೆ ಮದುವೆಯಾಗಿಲ್ಲದ ಹೆಣ್ಣುಮಕ್ಕಳಿಗೂ ಆ ಹಕ್ಕನ್ನು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಮದುವೆಯ ಭೇದವಿಲ್ಲದೆ ದೇಶದಾದ್ಯಂತ ಹಿಂದೂ ಹೆಣ್ಣುಮಕ್ಕಳೆಲ್ಲರಿಗೂ ಅದು ದೊರೆಯಿತು. ಆ ದಿನ ತಂದೆಯು ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು 2020ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರಾದ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಮುಗಿದ ಭಾಗಗಳನ್ನು ಮಾತ್ರ ಈ ಕಾಯಿದೆಯು ಕದಲಿಸುವುದಿಲ್ಲ.

ಆದರೆ ಕಾಯಿದೆಯು ಕೊಟ್ಟುದನ್ನು ಕುಟುಂಬವು ಕೊಡುತ್ತದೆಯೇ ಎಂಬುದು ಬೇರೆಯ ಪ್ರಶ್ನೆ. ಅರಿಶಿನ ಕುಂಕುಮಕ್ಕೆಂದು ಏನನ್ನಾದರೂ ಕೊಟ್ಟು, ಹಕ್ಕು ಬಿಡುಗಡೆಯ ಪತ್ರಕ್ಕೆ ರುಜು ಹಾಕಿಸಿಕೊಳ್ಳುವ ವಾಡಿಕೆಯು ನಮ್ಮಲ್ಲಿ ಇನ್ನೂ ಹೋಗಿಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ರುಜು ಹಾಕುವ ಅಕ್ಕತಂಗಿಯರು ಎಷ್ಟೋ ಮಂದಿ. ಸ್ವಸಂತೋಷದಿಂದ ಬಿಟ್ಟುಕೊಡುವುದಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ತನಗೇನು ಬರತಕ್ಕದ್ದೆಂದು ತಿಳಿಯದೆ ಬಿಟ್ಟುಕೊಡುವುದು ತ್ಯಾಗವೆನಿಸುವುದಿಲ್ಲ. ಪತ್ರವನ್ನು ಮುಂದಿಡುವ ಅಣ್ಣತಮ್ಮಂದಿರು ಮೊದಲು ಲೆಕ್ಕವನ್ನು ಮುಂದಿಡಲಿ. ವಿಜ್ಞಾನೇಶ್ವರನು ಸಿದ್ಧಾಂತವನ್ನು ಹೇಳಿ ಸುಮ್ಮನಾಗದೆ ಭಾಗದ ಲೆಕ್ಕವನ್ನೂ ಬಿಡಿಸಿ ತೋರಿಸಿದನು. ಆತನ ನಾಡಿನವರಾದ ನಾವು ನಮ್ಮ ಮನೆಗಳಲ್ಲಿ ಅಷ್ಟನ್ನಾದರೂ ಮಾಡಬೇಕಾಗಿದೆ.