ಜಾಮ್ ಆದ ಬೇರಿಂಗ್ ಮತ್ತು ಒಂದಿಷ್ಟು ಇತಿಹಾಸ

ಊರಿನ ಸೈಕಲ್ ಶಾಪಿನಲ್ಲಿ 'ಓವರ್‌ಹಾಲಿಂಗ್' ಮಾಡುವುದನ್ನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದವರಿಗೆ ಆ ದೃಶ್ಯ ನೆನಪಿರುತ್ತದೆ. ಹಿಂದಿನ ಚಕ್ರ ಬಿಚ್ಚಿ, ಎಕ್ಸೆಲ್ ಎಳೆದರೆ ಸೀಮೆಎಣ್ಣೆಯ ತಟ್ಟೆಗೆ ಗುಂಡುಗಳು ಟಣ್ ಟಣ್ ಅಂತ ಬೀಳುತ್ತಿದ್ದವು. ಒಂದು ಬದಿಗೆ ಒಂಬತ್ತು, ಇನ್ನೊಂದು ಬದಿಗೆ ಒಂಬತ್ತು, ಪ್ರತಿಯೊಂದೂ ಕಾಲು ಇಂಚು. ನಮ್ಮ ಕಡೆ ಗುಂಡು, ಇಲ್ಲಿ ಪುಣೆಯಲ್ಲಿ ಛರ್ರಾ. ಅದರ ಹಿಂದೆ ಎಷ್ಟು ದೊಡ್ಡ ಕಥೆ ಇದೆ ಅಂತ ಆಗ ಯಾರಿಗೆ ಗೊತ್ತಿತ್ತು ಹೇಳಿ!

ಗುಂಡಿನ ಮೇಲೆ ಎಕ್ಸೆಲ್ ಉರುಳಿಸುವ ಯೋಚನೆಗೆ ಪೇಟೆಂಟ್ ಪಡೆದವನು ವೇಲ್ಸಿನ ಕಾರ್ಮಾರ್ಥನ್ ಊರಿನ ಫಿಲಿಪ್ ವಾನ್, 1794ರಲ್ಲಿ. ಅದು ಕುದುರೆಗಾಡಿಗಾಗಿ. ಸೈಕಲ್ಲಿಗೆ ಅದು ಬಂದದ್ದು ಮುಕ್ಕಾಲು ಶತಮಾನ ಕಳೆದ ಮೇಲೆ. ಪ್ಯಾರಿಸ್ಸಿನ ಜೂಲ್ಸ್ ಸುರಿರೆ ಎಂಬ ಸೈಕಲ್ ಮೆಕ್ಯಾನಿಕ್ 1869ರ ಆಗಸ್ಟಿನಲ್ಲಿ ಪೇಟೆಂಟ್ ತೆಗೆದುಕೊಂಡ. ಅದೇ ವರ್ಷ ನವೆಂಬರ್ 7ರಂದು ಪ್ಯಾರಿಸ್ಸಿನಿಂದ ರುವಾನ್‌ಗೆ 123 ಕಿಲೋಮೀಟರ್ ರೇಸ್ ನಡೆಯಿತು. ಬೇರಿಂಗ್ ಹಾಕಿದ ಸೈಕಲ್ ತುಳಿದ ಜೇಮ್ಸ್ ಮೂರ್ ಎಂಬ ಇಂಗ್ಲಿಷ್ ಯುವಕ ಹತ್ತೂವರೆ ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಮುಗಿಸಿ ಗೆದ್ದ. ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ?

ಆದರೆ ತೊಡಕು ಬೇರೆಯೇ ಇತ್ತು. ಗುಂಡುಗಳೆಲ್ಲ ಒಂದೇ ಅಳತೆಯಲ್ಲಿ ಇರಬೇಕು. ಒಂಬತ್ತರಲ್ಲಿ ಒಂದು ಕೂದಲೆಳೆಯಷ್ಟು ದಪ್ಪಗಿದ್ದರೂ ಭಾರವೆಲ್ಲ ಅದರ ಮೇಲೇ. (ಬ್ರಾಂಚಿನಲ್ಲಿ ಕೆಲಸ ಗೊತ್ತಿರುವ ಒಬ್ಬನೇ ಕ್ಲಾರ್ಕ್ ಇದ್ದಾಗ ಏನಾಗುತ್ತದೆ, ಅದೇ!) ಜರ್ಮನಿಯ ಷ್ವೈನ್‌ಫುರ್ಟ್ ಎಂಬ ಊರಿನ ಫ್ರೀಡ್ರಿಶ್ ಫಿಷರ್ 1883ರಲ್ಲಿ ಉಕ್ಕಿನ ಗುಂಡುಗಳನ್ನು ಸಮವಾಗಿ, ದುಂಡಗೆ, ರಾಶಿರಾಶಿಯಾಗಿ ಉಜ್ಜಿ ತೆಗೆಯುವ ಯಂತ್ರ ಕಟ್ಟಿದ. ನನ್ನ ಪ್ರಕಾರ ಇಡೀ ಕಥೆಯಲ್ಲಿ ನಿಜವಾದ ನಾಯಕ ಈತನೇ. ಬೇರಿಂಗ್ ಅಗ್ಗವಾಗಿದ್ದು, ಹಳ್ಳಿಯ ಹಾಲಿನವನ ಸೈಕಲ್ಲಿಗೂ ಅದು ಬಂದದ್ದು ಇಂಥ ಯಂತ್ರದಿಂದ. ಅದೇ ಊರಿನಲ್ಲಿ ಎರ್ನ್ಸ್ಟ್ ಸಾಕ್ಸ್ 1903ರಲ್ಲಿ 'ಟಾರ್ಪಿಡೊ' ಹಬ್ ತಂದ. ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ ಓಡುತ್ತದೆ, ಪೆಡಲ್ ಹಿಂದಕ್ಕೆ ಒತ್ತಿದರೆ ನಿಲ್ಲುತ್ತದೆ.

ಸೈಕಲ್ಲಿನಿಂದ ಬೆಳೆದ ಆ ಊರಿಗೆ ಸೈಕಲ್ಲಿನ ಗುಂಡೇ ಮುಳುವಾಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನಕ್ಕೂ ಟ್ಯಾಂಕಿಗೂ ಬೇರಿಂಗ್ ಬೇಕಿತ್ತಲ್ಲ. 1943ರ ಆಗಸ್ಟ್ 17ರಂದು, ಮತ್ತೆ ಅಕ್ಟೋಬರ್ 14ರಂದು ಅಮೆರಿಕದ ಬಾಂಬರುಗಳು ಹಗಲಿನಲ್ಲೇ ಬಂದವು. ಅಕ್ಟೋಬರಿನ ಆ ಒಂದೇ ದಿನ 60 ವಿಮಾನ ಹೋದವು, ಒಂದೊಂದರಲ್ಲಿ ಹತ್ತು ಜನ. ಕೆಳಗೆ ಊರಿನಲ್ಲಿ ಸತ್ತವರು ಬೇರೆ. ಆದರೂ ಜರ್ಮನಿಯ ಯುದ್ಧಯಂತ್ರ ನಿಲ್ಲಲಿಲ್ಲ!

ಸ್ವೀಡನ್ನಿನ ಸ್ವೆನ್ ವಿಂಗ್‌ಕ್ವಿಸ್ಟ್‌ನ ಕಥೆ ನಮಗೆ ಹತ್ತಿರದ್ದು. ಈತ ಗೋಥೆನ್‌ಬರ್ಗಿನ ಬಟ್ಟೆ ಗಿರಣಿಯಲ್ಲಿ ಇಂಜಿನಿಯರ್. ಗಿರಣಿ ನಿಂತದ್ದು ಜೇಡಿಮಣ್ಣಿನ ಮೇಲೆ. ನೆಲ ಕುಸಿದಂತೆಲ್ಲ ಉದ್ದನೆಯ ಷಾಫ್ಟ್ ಸೊಟ್ಟಗಾಗಿ ಬೇರಿಂಗ್ ಕೆಡುತ್ತಿತ್ತು. ಷಾಫ್ಟ್ ಸ್ವಲ್ಪ ವಾಲಿದರೂ ಹೊಂದಿಕೊಂಡು ತಿರುಗುವ ಎರಡು ಸಾಲಿನ ಬೇರಿಂಗನ್ನು 1907ರಲ್ಲಿ ಮಾಡಿದ. ಆ ವರ್ಷವೇ ಹುಟ್ಟಿದ ಕಂಪನಿ ಎಸ್‌ಕೆಎಫ್. ಅದರ ಭಾರತದ ಕಂಪನಿ 1961ರಲ್ಲಿ ಶುರುವಾಯಿತು, ಕಾರ್ಖಾನೆ ನಮ್ಮ ಚಿಂಚವಾಡದಲ್ಲೇ.

ಇನ್ನು ಬೆಟ್ಟದ ಸೈಕಲ್. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ಹಳೆಯ ದಪ್ಪ ಟೈರಿನ ಷ್ವಿನ್ ಸೈಕಲ್ಲುಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿ ಕೆಳಗಿಳಿಸುತ್ತಿದ್ದರು. 1976ರ ಅಕ್ಟೋಬರ್ 21ರಂದು ಅದನ್ನೇ ರೇಸ್ ಮಾಡಿದರು. ಎರಡು ಮೈಲಿ ಚಿಲ್ಲರೆ ದೂರದಲ್ಲಿ 1300 ಅಡಿ ಇಳಿಜಾರು. ಬ್ರೇಕ್ ಇದ್ದದ್ದು ಹಿಂದಿನ ಹಬ್ಬಿನೊಳಗೆ, ಆ ಟಾರ್ಪಿಡೊ ಜಾತಿಯದೇ. ಕೆಳಗೆ ಬರುವಷ್ಟರಲ್ಲಿ ಹಬ್ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಹಾಗೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ 'ರೀಪ್ಯಾಕ್', ಆ ದಾರಿಗೂ ಅದೇ ಹೆಸರಾಯಿತು. ಜೋ ಬ್ರೀಜ್ 1977ರಲ್ಲಿ ಇದಕ್ಕೆಂದೇ ಫ್ರೇಮ್ ಕಟ್ಟಿದ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಇದು ಒಲಿಂಪಿಕ್ ಆಟ! ಅಂದರೆ ಈ ಆಟದ ಮೊದಲ ರೇಸಿನ ದಾರಿಗೇ ಹಿಂದಿನ ಹಬ್ಬಿನ ರಿಪೇರಿಯ ಹೆಸರಿದೆ.

ಈಗಿನ ಅನೇಕ ಬೆಟ್ಟದ ಸೈಕಲ್ಲುಗಳಲ್ಲಿ ಬಿಡಿ ಗುಂಡು ಇಲ್ಲ. ಗುಂಡು, ಒಳಬಳೆ, ಹೊರಬಳೆ, ರಬ್ಬರ್ ಮುಚ್ಚಳ ಎಲ್ಲ ಸೇರಿದ ಮುಚ್ಚಿದ ಬೇರಿಂಗ್. ನೀರು ಒಳಗೆ ಹೋಗುವುದಿಲ್ಲ ಅನ್ನುತ್ತಾರೆ, ಸಹ್ಯಾದ್ರಿಯ ಮಳೆ ಅದನ್ನು ಒಪ್ಪುವುದಿಲ್ಲ. ಎರಡು ಮಳೆಗಾಲ ಸಿಂಹಗಡದ ಕಡೆ ಓಡಿದ ಮಗನ ಸೈಕಲ್ಲಿನ ಹಿಂದಿನ ಚಕ್ರ ಈ ವರ್ಷ ಪೂರಾ ಜಾಮ್. "ಕಾಕಾ, ಚಕ್ರವೇ ಬದಲಿಸಿ, ಇದರ ಪಾರ್ಟ್ ಸಿಗೋಲ್ಲ" ಅಂದ ದೊಡ್ಡ ಗಾಜಿನ ಅಂಗಡಿಯ ಹುಡುಗ. ಆದರೆ ಬೇರಿಂಗಿನ ಮುಚ್ಚಳದ ಮೇಲೆ 6902 ಅಂತ ನಂಬರ್ ಇತ್ತು ನೋಡಿ. ಕೊನೆಯ 02 ಅಂದರೆ ಒಳಗಿನ ತೂತು 15 ಮಿಲಿಮೀಟರ್. 00 ಆದರೆ 10, 01 ಆದರೆ 12, 03 ಆದರೆ 17, 04ರಿಂದ ಮುಂದಕ್ಕೆ ಐದರಿಂದ ಗುಣಿಸಿದರೆ ಆಯಿತು. ಹೊರಗಿನ ಅಳತೆ 28, ದಪ್ಪ 7. ಜಗತ್ತಿನಲ್ಲಿ ಯಾವ ಕಂಪನಿ ಮಾಡಿದರೂ ಇಷ್ಟೇ ಇರಬೇಕು. ಚೆಕ್ಕಿನ ಕೆಳಗಿನ ಎಂಐಸಿಆರ್ ಅಂಕಿಯ ಹಾಗೆ, ಓದಲು ಬಂದರೆ ಮುಗಿಯಿತು. ನಾನಾ ಪೇಠೆಯ ಬೇರಿಂಗ್ ಅಂಗಡಿಯಲ್ಲಿ, ಮೋಟಾರು, ಪಂಪುಗಳ ಬೇರಿಂಗುಗಳ ನಡುವೆಯೇ ಸಿಕ್ಕಿತು. ಹೊಸ ಚಕ್ರದ ಬೆಲೆಯ ಹತ್ತರಲ್ಲೊಂದು ಪಾಲೂ ಆಗಲಿಲ್ಲ.

ಹಾಕಿದ್ದು ಗಲ್ಲಿಯ ಹಳೆಯ ಮೇಸ್ತ್ರಿ. ಜಾಮ್ ಆದದ್ದನ್ನು ಒಳಗಿನಿಂದ ಸರಳು ಕೊಟ್ಟು, ಒಂದೇ ಕಡೆ ಬಡಿಯದೆ ಸುತ್ತಲೂ ಸ್ವಲ್ಪ ಸ್ವಲ್ಪ ಬಡಿದು ತೆಗೆದರು. ಗೂಡನ್ನು ಬಟ್ಟೆಯಲ್ಲಿ ಒರೆಸಿ ಹೊಸದನ್ನು ಇಟ್ಟರು. ಇಲ್ಲಿ ಒಂದು ಸೂಕ್ಷ್ಮ ಇದೆ: ಹಬ್ಬಿಗೆ ಕೂರಿಸುವಾಗ ಹೊರಬಳೆಯನ್ನು ಮಾತ್ರ ಒತ್ತಬೇಕು. ಒಳಬಳೆಗೆ ಏಟು ಬಿದ್ದರೆ ಅದು ಗುಂಡುಗಳ ಮೂಲಕ ಹಾದು ಬಳೆಯ ದಾರಿಯಲ್ಲಿ ಸಣ್ಣ ಗುಳಿ ಮಾಡುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಗುರ್ ಅನ್ನುತ್ತದೆ. ಮೇಸ್ತ್ರಿ ಅದಕ್ಕೆ ಹಳೆಯ ಬೇರಿಂಗಿನ ಹೊರಬಳೆಯನ್ನೇ ಮೇಲಿಟ್ಟು, ಉದ್ದನೆಯ ಬೋಲ್ಟು, ಎರಡು ವಾಷರ್, ಒಂದು ನಟ್ ಹಾಕಿ ನಿಧಾನಕ್ಕೆ ಬಿಗಿದರು. ಸುತ್ತಿಗೆ ಮುಟ್ಟಲೇ ಇಲ್ಲ.