ರೈಸ್ ಸ್ವಿಫ್ಟ್ ಚಿಟ್ಟೆ

ಹೆಸ್ಪೆರಿಡೇ ಕುಟುಂಬದ ಸಣ್ಣ ಕಂದು ಚಿಟ್ಟೆ. ವೈಜ್ಞಾನಿಕ ಹೆಸರು ಬೋರ್ಬೊ ಸಿನ್ನಾರ. ನೇರವಾಗಿ ಹಾರದೆ ಹುಲ್ಲಿನಿಂದ ಹುಲ್ಲಿಗೆ ಚಂಗನೆ ನೆಗೆಯುವ ‘ಸ್ಕಿಪ್ಪರ್’ ಗುಂಪಿಗೆ ಸೇರಿದ್ದು, ಭಾರತದಾದ್ಯಂತ ಭತ್ತ ಬೆಳೆಯುವ ಕಡೆಗಳಲ್ಲಿ ಸಾಮಾನ್ಯ.

ಅಧ್ಯಯನದ ಇತಿಹಾಸ: ತೈವಾನ್ ದ್ವೀಪದಲ್ಲಿ ಸಂಗ್ರಹಿಸಿದ ಮಾದರಿಯನ್ನು ಆಧರಿಸಿ ಆಲ್ಫ್ರೆಡ್ ರಸೆಲ್ ವಾಲೇಸ್ 1866ರಲ್ಲಿ ಈ ಪ್ರಭೇದವನ್ನು ವಿವರಿಸಿದರು. ಸ್ಕಿಪ್ಪರ್‌ಗಳಲ್ಲಿ ಒಂದನ್ನೊಂದು ಹೋಲುವ ಪ್ರಭೇದಗಳು ಹಲವು. ರೆಕ್ಕೆಯೊಂದನ್ನೇ ನೋಡಿ ಅವುಗಳ ಬದುಕನ್ನು ಅರಿಯಲಾಗದು. ಆ ಕೊರತೆ ನೀಗಿಸುವ ದೊಡ್ಡ ಪ್ರಯತ್ನ ನಮ್ಮ ನಾಡಿನಲ್ಲೇ ನಡೆಯಿತು. 1884ರಲ್ಲಿ ಧಾರವಾಡದಲ್ಲಿ ಅರಣ್ಯಾಧಿಕಾರಿಯಾಗಿ ಕೆಲಸ ಆರಂಭಿಸಿದ ಟಿ. ಆರ್. ಬೆಲ್, ಉಪ್ಪಿನ ಇಲಾಖೆಯ ಇ. ಎಚ್. ಐಟ್ಕನ್, ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್ ಜೊತೆಗೂಡಿ ಉತ್ತರ ಕನ್ನಡದ ಚಿಟ್ಟೆಗಳನ್ನು ಅಭ್ಯಸಿಸಿದರು. ಮರಿಹುಳುಗಳಿಗೆ ಅವುಗಳ ಆಹಾರ ಸಸ್ಯವನ್ನೇ ತಿನ್ನಿಸಿ ಸಾಕಿ, ಕೋಶವಾಗಿ ಚಿಟ್ಟೆ ಹೊರಬರುವವರೆಗೆ ಗಮನಿಸಿ ದಾಖಲಿಸಿದರು. ಆ ಬರಹಗಳು 1896ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದವು. ನಿವೃತ್ತಿಯ ನಂತರವೂ ಬೆಲ್ ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲಿಯೇ ತೀರಿಕೊಂಡರು. ರೈಸ್ ಸ್ವಿಫ್ಟ್ ಈಗ ಸೇರಿರುವ ಬೋರ್ಬೊ ಎಂಬ ಕುಲವನ್ನು ಡಬ್ಲ್ಯು. ಎಚ್. ಇವಾನ್ಸ್ 1949ರಲ್ಲಿ ಸ್ಥಾಪಿಸಿದರು.

ಗುರುತು: ರೆಕ್ಕೆಯ ಹರವು 3ರಿಂದ 3.5 ಸೆಂ.ಮೀ. ಮೀಸೆಯ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಮುಂರೆಕ್ಕೆಯಲ್ಲಿ ಬೆಳಕು ಹಾಯುವ ಬಿಳಿ ಚುಕ್ಕೆಗಳು, ಹಿಂಬದಿ ಅಂಚಿನ ಸಮೀಪ ಬೆಳಕು ಹಾಯದ ಹಳದಿ ಚುಕ್ಕೆ ಇವೆ. ಇದನ್ನೇ ಹೋಲುವ ಸ್ಮಾಲ್ ಬ್ರ್ಯಾಂಡೆಡ್ ಸ್ವಿಫ್ಟ್‌ನ ಗಂಡಿಗೆ ಮುಂರೆಕ್ಕೆಯ ಮೇಲೆ ಓರೆಗೆರೆ ಇರುತ್ತದೆ, ಇದಕ್ಕಿಲ್ಲ.

ಆಹಾರ ಸಸ್ಯ, ನೆಲೆ: ಭತ್ತ, ಕಬ್ಬು ಮತ್ತು ಹಲವು ಬಗೆಯ ಹುಲ್ಲುಗಳು. ಹಸಿರು ಮರಿಹುಳು ಎಲೆಯಂಚನ್ನು ರೇಷ್ಮೆ ಎಳೆಯಿಂದ ಸೇರಿಸಿ ಕೊಳವೆ ಮಾಡಿಕೊಂಡು ಒಳಗೆ ಅಡಗುತ್ತದೆ, ಎಲೆಯನ್ನು ಅಂಚಿನಿಂದ ಕತ್ತರಿಸಿ ತಿನ್ನುತ್ತದೆ. ಭತ್ತದ ಇನ್ನೊಂದು ಪೀಡೆಯಾದ ಎಲೆ ಮಡಿಚುವ ಹುಳು ಹಸಿರನ್ನು ಕೆರೆದು ಬಿಳಿ ಗೆರೆ ಉಳಿಸುವುದರಿಂದ ಎರಡನ್ನೂ ಹೊಲದಲ್ಲೇ ಬೇರ್ಪಡಿಸಬಹುದು. ಧಾರವಾಡ ಜಿಲ್ಲೆಯಲ್ಲಿ ಕಲಘಟಗಿಯ ಕೂರಿಗೆ ಬಿತ್ತನೆಯ ಭತ್ತದ ಹೊಲಗಳು ಇದಕ್ಕೆ ಹೇಳಿಮಾಡಿಸಿದ ನೆಲೆ. ಹತ್ತಿ, ಕಡಲೆ ಬೆಳೆಯುವ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಭೂಮಿಯಲ್ಲಿ ಇದನ್ನು ಹುಡುಕಬೇಕಾದದ್ದು ಹಳ್ಳ, ಕಾಲುವೆಗಳ ದಂಡೆಯ ಹಸಿಹುಲ್ಲಿನಲ್ಲಿ. ಭತ್ತಕ್ಕೆ ಇದು ಸಾಮಾನ್ಯವಾಗಿ ಸಣ್ಣ ಪೀಡೆ ಮಾತ್ರ. ಇದನ್ನು ತಡೆಯಲೆಂದು ಬದುವಿನ ಹುಲ್ಲನ್ನೆಲ್ಲ ಸುಟ್ಟರೆ ಇದರ ಜೊತೆಗೆ ನಿರಪಾಯದ ಎಷ್ಟೋ ಚಿಟ್ಟೆಗಳ ಸಂತತಿಯೂ ಅಳಿಯುತ್ತದೆ.