ಪಾಳಿ ಮುಗಿಸಿ ಪಂದ್ಯಕ್ಕೆ: ಅಶೋಕನಗರದ ಫುಟ್ಬಾಲ್ ಕ್ರೀಡಾಂಗಣದ ಕಥೆ

ಬೆಂಗಳೂರಿನ ಮಗ್ರಾತ್ ರಸ್ತೆಯ ಗರುಡಾ ಮಾಲ್ ಯಾರಿಗೆ ಗೊತ್ತಿಲ್ಲ? ಅದೇ ರಸ್ತೆಯಲ್ಲಿ ಫುಟ್ಬಾಲಿಗೆಂದೇ ಕಟ್ಟಿದ ಒಂದು ಕ್ರೀಡಾಂಗಣ ಇದೆ ಎಂಬುದು ಮಾತ್ರ ಬಹಳ ಜನರಿಗೆ ಗೊತ್ತಿಲ್ಲ. ಜಿಲ್ಲೆಗಳಿಂದ ರಾಜಧಾನಿಗೆ ಬಂದು ಹೋಗುವ ನಮ್ಮಂಥವರಿಗಂತೂ ಬೆಂಗಳೂರಿನ ಆಟ ಎಂದರೆ ಕ್ರಿಕೆಟ್, ಮೈದಾನ ಎಂದರೆ ಚಿನ್ನಸ್ವಾಮಿ. ಆದರೆ ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರಗಳಲ್ಲಿ ಅರವತ್ತು ದಾಟಿದವರ ಜೊತೆ ಮಾತಿಗೆ ಕುಳಿತರೆ ಬೇರೆಯೇ ಬೆಂಗಳೂರು ತೆರೆದುಕೊಳ್ಳುತ್ತದೆ. ಆ ಊರಿನಲ್ಲಿ ಸಂಜೆಯಾದರೆ ಜನ ಫುಟ್ಬಾಲ್ ನೋಡಲು ಹೊರಡುತ್ತಿದ್ದರು.

ಆ ಜನ ಏಕೆ ಬರುತ್ತಿದ್ದರು, ಆಮೇಲೆ ಏಕೆ ನಿಂತುಹೋದರು? ಕ್ರಿಕೆಟ್ ಬಂತು, ಟಿ.ವಿ. ಬಂತು, ಫುಟ್ಬಾಲ್ ಹೋಯಿತು ಎನ್ನುವುದು ಎಲ್ಲರೂ ಕೊಡುವ ಉತ್ತರ. ಅದು ಸುಳ್ಳಲ್ಲ. ಆದರೆ ಕೋಲ್ಕತ್ತಕ್ಕೂ ಕೇರಳಕ್ಕೂ ಕ್ರಿಕೆಟ್ ಬಂತು, ಟಿ.ವಿ.ಯೂ ಬಂತು. ಅಲ್ಲಿ ಫುಟ್ಬಾಲ್ ಉಳಿಯಿತು. ಬೆಂಗಳೂರಿನಲ್ಲಿ ಆದದ್ದನ್ನು ತಿಳಿಯಲು ಆಟದ ಜೊತೆಗೆ ಕೆಲಸದ ಚರಿತ್ರೆಯನ್ನೂ ನೋಡಬೇಕು ಎಂಬುದು ನಮ್ಮ ವಾದ.

ಮೊದಲು ದಂಡು ಪ್ರದೇಶದ ವಿಷಯ. ಬ್ರಿಟಿಷರು 1809ರಲ್ಲಿ ಬೆಂಗಳೂರಿನಲ್ಲಿ ದಂಡು ಸ್ಥಾಪಿಸಿದರು. ಸಿಪಾಯಿಗಳ ಜೊತೆ ಅವರ ಆಟಗಳೂ ಬಂದವು. ದಂಡಿನ ಸುತ್ತ ಅಡುಗೆ, ಹೊಲಿಗೆ, ಗಾರೆ ಕೆಲಸ, ಕುದುರೆ ಲಾಯದ ಕೆಲಸ ಮಾಡಿಕೊಂಡು ತಮಿಳು, ಉರ್ದು, ತೆಲುಗು ಮಾತಾಡುವ ಕುಟುಂಬಗಳು ನೆಲೆಸಿದವು. ಅವರ ಮಕ್ಕಳು ಪರೇಡ್ ಮೈದಾನದ ಅಂಚಿನಲ್ಲಿ ನಿಂತು ಸೈನಿಕರ ಆಟ ನೋಡಿದರು, ಬರಿಗಾಲಲ್ಲೇ ಕಲಿತರು. ಕ್ರಿಕೆಟ್ಟಿಗೆ ಬ್ಯಾಟು, ಪ್ಯಾಡು, ಬಿಳಿ ಬಟ್ಟೆ ಬೇಕು. ಫುಟ್ಬಾಲಿಗೆ ಇಡೀ ಬೀದಿಗೆ ಒಂದೇ ಚೆಂಡು ಸಾಕಾಗಿತ್ತು.

ಹಾಗೆ ಕಲಿತವರು ಎಲ್ಲಿಯವರೆಗೆ ಹೋದರು ಎಂಬುದಕ್ಕೆ ದಾಖಲೆ ಇದೆ. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದ ಟೂರ್ನಿ. ದಶಕಗಳ ಕಾಲ ಅದು ಬ್ರಿಟಿಷ್ ಸೇನಾ ತಂಡಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ಕ್ಲಬ್ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ, 1938ರಲ್ಲಿ, ಮತ್ತೆ ಅವರೇ ಗೆದ್ದರು. 1948ರಲ್ಲಿ ಇನ್ನೊಮ್ಮೆ. ಮೋಹನ್ ಬಾಗಾನ್ 1911ರಲ್ಲಿ ಬ್ರಿಟಿಷರನ್ನು ಸೋಲಿಸಿದ ಕಥೆ ದೇಶಕ್ಕೆಲ್ಲ ಗೊತ್ತು. ನಮ್ಮ ಊರಿನ ಈ ಗೆಲುವು ನಮ್ಮ ಪಠ್ಯಪುಸ್ತಕದಲ್ಲಿ ನಮಗೆ ಸಿಗಲಿಲ್ಲ.

1948ರ ಲಂಡನ್ ಒಲಿಂಪಿಕ್ಸ್ ನೋಡಿ. ಜುಲೈ 31ರಂದು ಸ್ವತಂತ್ರ ಭಾರತದ ತಂಡ ಫ್ರಾನ್ಸ್ ಎದುರು ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದರು. ಎರಡು ಪೆನಾಲ್ಟಿ ಕೈತಪ್ಪಿ 1-2ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಅದೇ ತಂಡದಲ್ಲಿ ಅಹ್ಮದ್ ಖಾನ್, ಧನರಾಜ್, ಗೋಲ್‌ಕೀಪರ್ ವರದರಾಜ್ ಇದ್ದರು. ಎಲ್ಲರೂ ಬೆಂಗಳೂರಿನವರೇ. ಅಹ್ಮದ್ ಖಾನ್, ಧನರಾಜ್, ವೆಂಕಟೇಶ್ ಈ ಮೂವರೂ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡಕ್ಕೆ ಹೋಗಿ ಅಪ್ಪಾರಾವ್, ಸಾಲೆ ಜೊತೆ ಸೇರಿ ‘ಪಂಚಪಾಂಡವರು’ ಎನಿಸಿಕೊಂಡರು. ಬೆಂಗಾಲಿಗಳು ಆ ಐವರ ಹೆಸರನ್ನು ಇಂದಿಗೂ ಒಂದೇ ಉಸಿರಿಗೆ ಹೇಳುತ್ತಾರೆ. ಅವರಲ್ಲಿ ಮೂವರು ನಮ್ಮವರು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಆ ಕಾಲದ ಒಳ್ಳೆಯ ಆಟಗಾರನ ಮುಂದೆ ಎರಡು ದಾರಿ ಇದ್ದವು. ಒಂದು ಕೋಲ್ಕತ್ತದ ರೈಲು ಹತ್ತುವುದು. ಮೆಲ್ಬರ್ನ್ ಮತ್ತು ರೋಮ್ ಒಲಿಂಪಿಕ್ಸ್‌ನಲ್ಲಿ ಆಡಿದ ಕೆಂಪಯ್ಯ ಹೋಗಿ ಹೆಸರು ಮಾಡಿದ್ದು ಅಲ್ಲೇ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕೂಡ ಹಾಗೆಯೇ. ಇನ್ನೊಂದು ದಾರಿ, ಊರಿನಲ್ಲೇ ಕಾರ್ಖಾನೆ ಸೇರುವುದು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1950ರ ದಶಕದಲ್ಲಿ ಎಚ್‌ಎಂಟಿ ಮತ್ತು ಬಿಇಎಲ್, 1964ರಲ್ಲಿ ಬಿಇಎಂಎಲ್ ಬಂದವು. ಇಂಥ ಸಂಸ್ಥೆಗಳಲ್ಲಿ ಕ್ರೀಡಾ ಕೋಟಾ ಎಂಬುದಿತ್ತು. ಚೆನ್ನಾಗಿ ಆಡುವ ಹುಡುಗನಿಗೆ ಕೆಲಸ ಸಿಗುತ್ತಿತ್ತು. ಅರ್ಧ ದಿನ ಕೆಲಸ, ಉಳಿದರ್ಧ ಅಭ್ಯಾಸ. ಆಟ ನಿಂತ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ, ಕೊನೆಗೆ ಪಿಂಚಣಿಯೋ ಗ್ರಾಚ್ಯುಟಿಯೋ ಕೈಗೆ ಬರುತ್ತಿತ್ತು. ಬಡ ಮನೆಯ ಅಪ್ಪ ಅಮ್ಮ ಮಗನ ಕೈಯಿಂದ ಚೆಂಡು ಕಿತ್ತುಕೊಳ್ಳದೆ ಇದ್ದುದಕ್ಕೆ ಇದೂ ಒಂದು ಕಾರಣ.

ಅಶೋಕನಗರದ ಕ್ರೀಡಾಂಗಣ ಈ ಎರಡು ಲೋಕಗಳು ಕೂಡುವ ಜಾಗವಾಯಿತು. ಒಂದು ಕಡೆ ದಂಡಿನ ಬೀದಿಗಳು, ಇನ್ನೊಂದು ಕಡೆ ಕಾರ್ಖಾನೆಗಳು. ಎಂಇಜಿ, ಎಎಸ್‌ಸಿಯಂಥ ಸೇನಾ ತಂಡಗಳು, ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ ತಂಡಗಳು, ಬಡಾವಣೆಗಳ ಚಿಕ್ಕ ಕ್ಲಬ್ಬುಗಳು, ಎಲ್ಲವೂ ಒಂದೇ ಮೈದಾನಕ್ಕೆ ಇಳಿಯುತ್ತಿದ್ದವು. ಹಳೆಯ ಅಭಿಮಾನಿಗಳ ಮಾತಿನಲ್ಲಿ ಮತ್ತೆ ಮತ್ತೆ ಬರುವ ಚಿತ್ರಗಳು ಕೆಲವು. ಮೊದಲ ಪಾಳಿ ಮುಗಿಸಿ, ಟಿಫಿನ್ ಕ್ಯಾರಿಯರ್ ಹಿಡಿದುಕೊಂಡೇ ನೇರ ಗ್ಯಾಲರಿಗೆ ಬರುತ್ತಿದ್ದುದು. ಬಿಸಿಲಿಗೆ ಕಾದ ಸಿಮೆಂಟ್ ಮೆಟ್ಟಿಲಿನ ಮೇಲೆ ಪೇಪರ್ ಹಾಸಿ ಕೂರುತ್ತಿದ್ದುದು, ಕಡಲೆಕಾಯಿ ಪೊಟ್ಟಣ ಕೈಯಿಂದ ಕೈಗೆ ಸಾಗುತ್ತಿದ್ದುದು. ತಮಿಳಿನಲ್ಲಿ ಹುರಿದುಂಬಿಸಿ, ದಖನಿಯಲ್ಲಿ ಬೈದು, ಕನ್ನಡದಲ್ಲಿ ರೆಫರಿಯ ಜೊತೆ ಜಗಳ ತೆಗೆಯುತ್ತಿದ್ದುದು. ಓಟದ ಟ್ರ್ಯಾಕ್ ನಡುವೆ ಇಲ್ಲದ್ದರಿಂದ ಆಟಗಾರರು ಕೂಗಾಡಿಕೊಳ್ಳುವುದೂ ಕೇಳಿಸುತ್ತಿತ್ತು, ಗ್ಯಾಲರಿಯ ಬೈಗುಳ ಅವರಿಗೂ ಕೇಳಿಸುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ನೆನಪಾಗುವುದು ಆ ಹತ್ತಿರದ ಸಂಬಂಧ. ಇಂದು ಗೋಲು ಹೊಡೆದವನು ನಾಳೆ ಬೆಳಿಗ್ಗೆ ಪಕ್ಕದ ಮೆಷಿನ್ ಮುಂದೆ ನಿಂತಿರುತ್ತಿದ್ದ. ಪೆನಾಲ್ಟಿ ಹಾಳು ಮಾಡಿದವನು ಕ್ಯಾಂಟೀನಿನ ಸಾಲಿನಲ್ಲಿ ಸಿಕ್ಕಿ ಬೀಳುತ್ತಿದ್ದ. ಅವನ ಮದುವೆಗೆ ಹೋಗಿದ್ದವರೇ ಅವನ ಅಭಿಮಾನಿಗಳು. ಟಿ.ವಿ.ಯಲ್ಲಿ ಕಾಣುವ ತಾರೆಗೂ ನಮಗೂ ಇರುವ ದೂರ ಅಲ್ಲಿ ಇರಲಿಲ್ಲ.

ಆ ತಂಡಗಳನ್ನು ಬರೀ ಕಾರ್ಖಾನೆಯ ತಂಡಗಳೆಂದು ಕಡೆಗಣಿಸುವ ಹಾಗಿಲ್ಲ. 1977ರಲ್ಲಿ ದೇಶದ ಮೊದಲ ಫೆಡರೇಷನ್ ಕಪ್ ಕೊಚ್ಚಿಯಲ್ಲಿ ನಡೆದಾಗ ಫೈನಲಿನಲ್ಲಿ ಮೋಹನ್ ಬಾಗಾನ್ ತಂಡವನ್ನು 1-0ರಿಂದ ಸೋಲಿಸಿ ಕಪ್ ತಂದದ್ದು ಐಟಿಐ. ಫೋನ್ ತಯಾರಿಸುವ ಕಾರ್ಖಾನೆಯ ನೌಕರರು ದೇಶದ ಬಹು ಹಳೆಯ ಕ್ಲಬ್ಬೊಂದನ್ನು ಮಣಿಸಿದ್ದರು. ಅದಕ್ಕೂ ಮುಂಚೆ ರಾಜ್ಯ ತಂಡ ಸಂತೋಷ್ ಟ್ರೋಫಿಯನ್ನು 1946-47, 1952-53, 1967-68, 1968-69ರಲ್ಲಿ, ಒಟ್ಟು ನಾಲ್ಕು ಸಲ ಗೆದ್ದಿತ್ತು. ಆಗ ನಾವಿನ್ನೂ ಮೈಸೂರು ರಾಜ್ಯ.

1990ರ ದಶಕದಲ್ಲಿ ಗಾಳಿ ಬದಲಾಯಿತು. ಆರ್ಥಿಕ ಉದಾರೀಕರಣದ ನಂತರ ಸಾರ್ವಜನಿಕ ಉದ್ದಿಮೆಗಳಲ್ಲಿ ನೇಮಕಾತಿ ಕುಗ್ಗಿತು. ಐಟಿಐ ನಷ್ಟಕ್ಕೆ ಬಿತ್ತು, ಎಚ್‌ಎಂಟಿ ಸೊರಗಿತು. ಹೊಸಬರನ್ನು ತೆಗೆದುಕೊಳ್ಳದ ಕಾರ್ಖಾನೆಯಲ್ಲಿ ತಂಡಕ್ಕೂ ಹೊಸಬರು ಬರುವುದಿಲ್ಲ. ಇದ್ದವರಿಗೆ ವಯಸ್ಸಾಯಿತು, ಅವರ ಜಾಗ ಖಾಲಿಯೇ ಉಳಿಯಿತು. ಗ್ಯಾಲರಿಯಲ್ಲಿ ಕೂರುತ್ತಿದ್ದ ಸಹೋದ್ಯೋಗಿಗಳೂ ಸ್ವಯಂ ನಿವೃತ್ತಿ ಪಡೆದು ಚದುರಿಹೋದರು. ಆಸ್ಟಿನ್ ಟೌನ್‌ನ ಕಾರ್ಲ್‌ಟನ್ ಚಾಪ್‌ಮನ್ ಭಾರತ ತಂಡದ ನಾಯಕನಾಗುವ ಹೊತ್ತಿಗೆ ಆಡಿ ಬೆಳೆದದ್ದು ಟಾಟಾ ಅಕಾಡೆಮಿ, ಈಸ್ಟ್ ಬೆಂಗಾಲ್, ಜೆಸಿಟಿಗಳಲ್ಲಿ. ಐ-ಲೀಗ್‌ನಲ್ಲಿ ಉಳಿದಿದ್ದ ಎಚ್‌ಎಎಲ್ ತಂಡವೂ 2012ರಲ್ಲಿ ಕೆಳಗಿಳಿಯಿತು.

ಮರುವರ್ಷವೇ ಅದೇ ಕ್ರೀಡಾಂಗಣದಲ್ಲಿ ಮತ್ತೆ ಸದ್ದು ಎದ್ದಿತು. 2013ರ ಸೆಪ್ಟೆಂಬರ್‌ನಲ್ಲಿ ಹೊಸ ತಂಡ ಬೆಂಗಳೂರು ಎಫ್‌ಸಿ ತನ್ನ ಮೊದಲ ಐ-ಲೀಗ್ ಪಂದ್ಯವನ್ನು ಮೋಹನ್ ಬಾಗಾನ್ ವಿರುದ್ಧ ಇಲ್ಲಿಯೇ ಆಡಿತು. ಕೃತಕ ಹುಲ್ಲು ಹಾಸಿದ ಮೈದಾನ, ನೀಲಿ ಅಂಗಿ ತೊಟ್ಟ ಹುಡುಗ ಹುಡುಗಿಯರು, ಎಡೆಬಿಡದ ಡೋಲು. ಪಶ್ಚಿಮ ಸ್ಟ್ಯಾಂಡಿನಲ್ಲಿ ಕೂರುತ್ತಿದ್ದ ಗುಂಪು ಆ ಸ್ಟ್ಯಾಂಡಿನ ಹೆಸರನ್ನೇ ಇಟ್ಟುಕೊಂಡು ‘ವೆಸ್ಟ್ ಬ್ಲಾಕ್ ಬ್ಲೂಸ್’ ಆಯಿತು. ಸುನಿಲ್ ಚೆಟ್ರಿ ನಾಯಕತ್ವದ ತಂಡ ಮೊದಲ ಯತ್ನದಲ್ಲೇ, 2014ರ ಏಪ್ರಿಲ್‌ನಲ್ಲಿ, ಲೀಗ್ ಗೆದ್ದಿತು. ಮುಂದಿನ ಋತುವಿಗೆ ಅದು ಸಂಪಂಗಿ ಕೆರೆಯಂಗಳದಲ್ಲಿ ಕಟ್ಟಿದ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಅಲ್ಲಿ ಜಾಗ ಹೆಚ್ಚು, ಸೌಕರ್ಯ ಹೆಚ್ಚು. ಆದರೆ ಆಟಕ್ಕೂ ನೋಡುವವರಿಗೂ ನಡುವೆ ಅಥ್ಲೆಟಿಕ್ಸ್ ಟ್ರ್ಯಾಕ್. ಅಶೋಕನಗರದಲ್ಲಿ ಆ ಒಂದೇ ಋತು ನೋಡಿದವರೂ ಹಳಬರ ಹಾಗೆಯೇ ಅಲ್ಲಿನ ಹತ್ತಿರವನ್ನು ನೆನೆಯುತ್ತಾರೆ. ಎರಡು ತಲೆಮಾರಿನ ಅಭಿಮಾನಿಗಳಿಗೆ ಸಾಮಾನ್ಯವಾಗಿ ಸಿಗುವ ಮಾತು ಇದೊಂದೇ ಇರಬಹುದು.

ವ್ಯತ್ಯಾಸವೂ ಇದೆ. ಹೊಸ ಅಭಿಮಾನಿ ಟಿಕೆಟ್ ಕೊಂಡು ತನಗೆ ಇಷ್ಟವಾದ ತಂಡ ನೋಡಲು ಬಂದವನು. ಹಳೆಯ ಅಭಿಮಾನಿಗೆ ಆ ತಂಡ ಬೀದಿ ಮತ್ತು ಕೆಲಸದ ಜೊತೆಗೇ ಬಂದಿತ್ತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಕರ್ನಾಟಕ ಎಂಬ ಹೆಸರಿನಲ್ಲಿ ಬಂದ ಮೊದಲ ಟ್ರೋಫಿ ಅದು. ಆ ಹುಡುಗರಿಗೆ ಬಹುಮಾನ, ಹಾರ, ಫೋಟೊ ಎಲ್ಲ ಸಿಗುವುದು ಸರಿ. ಆದರೆ 1968ರಲ್ಲಿ ಅಂಥ ಹುಡುಗ ಕಾಣಬಹುದಾಗಿದ್ದ ಕಾಯಂ ಕೆಲಸದ ಬಾಗಿಲು ಇಂದಿನವನಿಗೆ ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ನಮ್ಮ ತಾಲ್ಲೂಕು ಮೈದಾನಗಳಲ್ಲಿ ಆಡುವ ಹುಡುಗರ ಮನೆಯವರು ಕೇಳುವ ಪ್ರಶ್ನೆಯೂ ಇದೇ: ಆಡಿದರೆ ಮುಂದೇನು?

ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್ ಮತ್ತು ಮದರ್ ತೆರೇಸಾ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆಯೂ ಇದೆ. ಅದರ ಫೋಟೊ ತೆಗೆಯಲು ದೂರದಿಂದ ಜನ ಬರುತ್ತಾರೆ. ಬಂದವರು ಹಾಗೇ ಅಲ್ಲಿನ ಹಿರಿಯರ ಪಕ್ಕ ಸ್ವಲ್ಪ ಹೊತ್ತು ಕೂತು, ಯಾವ ವರ್ಷ ಯಾವ ತಂಡಕ್ಕೆ ಯಾರು ಆಡಿದರು ಎಂದು ಕೇಳಿ ಬರೆದುಕೊಳ್ಳಬೇಕು. ಪೆಟ್ಟಿಗೆಯ ತಳದಲ್ಲಿರುವ ತಂಡದ ಫೋಟೊ, ಕಾರ್ಖಾನೆಯ ಮನೆವಾರ್ತೆ ಪತ್ರಿಕೆ, ಪಂದ್ಯದ ಹಳೆಯ ಟಿಕೆಟ್, ಇವು ಗುಜರಿಗೆ ಹೋಗುವ ಮುಂಚೆ ಯಾರಾದರೂ ಕೂಡಿಡಬೇಕು. ಅಹ್ಮದ್ ಖಾನ್ 2017ರಲ್ಲಿ ತೀರಿಕೊಂಡರು, ಚಾಪ್‌ಮನ್ 2020ರಲ್ಲಿ. ಹೆಸರಾದವರ ಬಗ್ಗೆ ನಾಲ್ಕು ಸಾಲಾದರೂ ಪತ್ರಿಕೆಯಲ್ಲಿ ಬಂತು. ಹೆಸರಾಗದ ನೂರಾರು ಆಟಗಾರರ ಲೆಕ್ಕ ಇರುವುದು ಅವರ ಆಟ ನೋಡಿದವರ ಬಾಯಲ್ಲಿ ಮಾತ್ರ. ಅವರಿಗೀಗ ವಯಸ್ಸಾಗಿದೆ.